ಐದು ಹತ್ತರ ಅಗ್ರಫೀನಾ

"ಅಗ್ರಫೀನಾಳ ಮನೆ ಬಾಗಿಲು ಸದ್ದಾಯ್ತು ಅಂದ್ರೆ ಗಡಿಯಾರ ನೋಡೋದೇ ಬೇಡ, ಐದಕ್ಕೆ ಕಾಲು ಗಂಟೆ ಇದೆ" ಎಂದು ನಮ್ಮ ಬೀದಿಯವರು ಹೇಳುತ್ತಿದ್ದರು. ಇನ್ನೊಂದು ಮಾತೂ ಇತ್ತು, ಅದನ್ನು ಸ್ವಲ್ಪ ದನಿ ತಗ್ಗಿಸಿ ಹೇಳುತ್ತಿದ್ದರು: "ಆ ಮುದುಕಿಗೆ ಊರಿನ ಎಲ್ಲರ ಮನೆ ವಿಷಯವೂ ಗೊತ್ತು. ಬಾಯಿ ಬಿಡೋದು ಮಾತ್ರ ದಿನಕ್ಕೊಂದು ಸಲ, ಅದೂ ಮೈಕಿನ ಮುಂದೆ."

ಎರಡೂ ನಿಜವೇ. ಅಲಾಸ್ಕಾದ ಕಡಲಂಚಿನ ನಮ್ಮ ಕಿರಿಲ್ ಕೊಲ್ಲಿಗೆ ರಸ್ತೆಯಿಲ್ಲ. ದೋಣಿಯಲ್ಲಿ ಬರಬೇಕು, ಇಲ್ಲವೇ ಹವೆ ಮನಸ್ಸು ಮಾಡಿದ ದಿನ ಸಣ್ಣ ವಿಮಾನದಲ್ಲಿ. ಬೇಸಿಗೆ ಬಂತೆಂದರೆ ಅರ್ಧ ಊರು ಸಾಲ್ಮನ್ ಮೀನಿನ ಹಿಂದೆ ಹೊರಟು, ಭೂಶಿರದ ಆಚೆ ಬಲೆ ಬಿಟ್ಟು, ಶಿಬಿರ ಹೂಡಿ ಕೂರುತ್ತದೆ. ಅಲ್ಲಿ ಫೋನು ಸತ್ತ ಹಾಗೆ. ಕೇಳಿಸುವುದು ನಮ್ಮ ಗುಡ್ಡದ ಮೇಲಿನ ಸಾರ್ವಜನಿಕ ರೇಡಿಯೊ ಒಂದೇ. ಅದರಲ್ಲಿ ದಿನವೂ ಸಂಜೆ ಐದು ಹತ್ತಕ್ಕೆ ಚೀಟಿ ಓದುತ್ತಾರೆ. ಯಾರು ಯಾರಿಗೆ ಏನು ಹೇಳಬೇಕೋ ಅದನ್ನು ಚೀಟಿಯಲ್ಲಿ ಬರೆದು ಕೊಟ್ಟರಾಯಿತು. ಶಿಬಿರದವರು ತಮ್ಮ ಕೈರೇಡಿಯೊದಲ್ಲಿ ಗುಡ್ಡಕ್ಕೆ ಕೂಗಿ ಬರೆಸುತ್ತಾರೆ. ಆ ಹೊತ್ತಿಗೆ ಊರಲ್ಲಿ ಯಾರೂ ಮಾತಾಡುವುದಿಲ್ಲ. ಜಗಳ ಆಡುತ್ತಿದ್ದವರೂ ಐದು ಹತ್ತಕ್ಕೆ ನಿಲ್ಲಿಸಿ, ಐದೂವರೆಗೆ ಬಿಟ್ಟಲ್ಲಿಂದ ಶುರುಮಾಡುತ್ತಾರೆ.

ಮೂವತ್ತೊಂದು ವರ್ಷ ಆ ಚೀಟಿಗಳನ್ನು ಸಂಬಳವಿಲ್ಲದೆ ಓದಿದವಳು ಅಗ್ರಫೀನಾ. ಬೆಳಿಗ್ಗೆ ಮೀನು ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಕೆಲಸ, ಸಂಜೆ ಗುಡ್ಡ. ಯಾಕೆ ಎಂದು ಒಮ್ಮೆ ನಾನೇ ಕೇಳಿದ್ದೆ.

"ರೇಡಿಯೊ ಬರೋಕೆ ಮುಂಚೆ ನನ್ನ ಗಂಡ ಮತ್ಫೇಯ್ ಒಂದ್ಸಲ ಸಮುದ್ರಕ್ಕೆ ಹೋಗಿ ನಾಲ್ಕು ದಿನ ಬರ್ಲಿಲ್ಲ ಕಣೇ," ಎಂದಳು. "ಪಕ್ಕದ ಕೊಲ್ಲೀಲೇ ಗಾಳಿಗೆ ಹೆದರಿ ಮಲಗಿದ್ದ. ನಾನಿಲ್ಲಿ ಕರಿ ಬಟ್ಟೆ ಹುಡುಕ್ತಿದ್ದೆ. ಬದುಕಿದ್ದವನಿಗೆ ನಾಲ್ಕು ದಿನ ಅತ್ತೆ! ನಗ್ತಾ ಬಂದ ನೋಡು, ಅವತ್ತೇ ಕೊಂದುಬಿಡೋಣ ಅನ್ನಿಸ್ತು."

ಅವಳ ನೇಮಗಳು ಮೂರೇ. ಚೀಟಿ ಬಂದ ಸಾಲಿನಲ್ಲೇ ಓದಬೇಕು. ಪ್ರತಿಯೊಂದನ್ನೂ ಎರಡು ಸಲ ಓದಬೇಕು. ತನ್ನದೊಂದು ಮಾತನ್ನೂ ಸೇರಿಸಬಾರದು.

ಹೀಗಿರುವಾಗ ಒಂದು ವರ್ಷ ದೊಡ್ಡ ಸರ್ಕಾರದಿಂದ ರೇಡಿಯೊಗೆ ಬರುತ್ತಿದ್ದ ನೆರವು ನಿಂತುಹೋಯಿತು. ಇನ್ನು ಊರಿನ ಸಭೆ ಕೈ ಹಿಡಿದರೆ ಉಂಟು, ಇಲ್ಲದಿದ್ದರೆ ಬೀಗ. ಬೀಗವೇ ಸರಿ ಎಂದು ಎದ್ದು ನಿಂತವನು ಕ್ಲೈಡ್. ಎರಡು ದೋಣಿಗಳ ಯಜಮಾನ, ಸಭೆಯ ಸದಸ್ಯ, ಮೈಕೇ ಬೇಡದಂಥ ಗಂಟಲು. ಅಂಗಡಿಯಲ್ಲಿ ಅಗ್ರಫೀನಾ ಹಿಟ್ಟು ಕೊಳ್ಳುತ್ತಿದ್ದಾಗ ಅಲ್ಲೇ ಹಿಡಿದ.

"ಅಜ್ಜಿ, ಬೇಜಾರ್ ಮಾಡ್ಕೋಬೇಡಿ. ಈ ಕಾಲದಲ್ಲಿ ರೇಡಿಯೊ ಯಾರು ಕೇಳ್ತಾರೆ? ಎಲ್ಲರ ಜೇಬಲ್ಲೂ ಫೋನಿದೆ. ಬೇಕಾದೋರು ತಮ್ಮ ಖರ್ಚಲ್ಲಿ ನಡೆಸ್ಕೊಳ್ಳಲಿ."

"ಕೇಳಲ್ವೇನೋ? ಹೋದ ವರ್ಷ ನಿನ್ನ ದೋಣಿ ಹೆಸರು ತಪ್ಪಾಗಿ ಓದಿದಾಗ ಐದೇ ನಿಮಿಷಕ್ಕೆ ಗುಡ್ಡ ಹತ್ತಿ ಜಗಳಕ್ಕೆ ಬಂದಿದ್ದು ಯಾರು, ನಿನ್ನ ತಮ್ಮನಾ?"

ಅಂಗಡಿಯವರೆಲ್ಲ ನಕ್ಕರು. ಕ್ಲೈಡ್ ಕೆಂಪಾದ. "ಅದು ಬೇರೆ ವಿಷಯ. ಖಾಸಗಿಯವರು ಯಾರಾದ್ರೂ ಬಂದು ನಡೆಸಲಿ ಬಿಡಿ."

"ಬರ್ತಾರೆ ಬರ್ತಾರೆ. ನಾನೂರು ಜನರ ಊರು, ಇರೋದೊಂದೇ ಅಂಗಡಿ. ಅದೆಲ್ಲಿದೆ ಅಂತ ನಮಗೆ ಜಾಹೀರಾತು ಹಾಕ್ತಾರಾ?" ಎಂದು ಹಿಟ್ಟಿನ ಚೀಲ ಎತ್ತಿಕೊಂಡು ಹೊರಟೇಬಿಟ್ಟಳು.

ಬಾಯಿಗೆ ಬಾಯಿ ಕೊಟ್ಟು ಬಂದಳೇ ಹೊರತು ಅವಳ ಜೀವ ಅವಳ ಕೈಯಲ್ಲಿರಲಿಲ್ಲ. ಏಳು ಜನ ಸದಸ್ಯರಲ್ಲಿ ನಾಲ್ವರು ಕ್ಲೈಡ್ ಕಡೆ ಎಂದು ಎಲ್ಲರಿಗೂ ಗೊತ್ತಿತ್ತು. ಸಭೆ ಜುಲೈನ ಒಂದು ಬುಧವಾರ, ಸಂಜೆ ನಾಲ್ಕೂವರೆಗೆ. ಅಧ್ಯಕ್ಷೆ ಲೂಬಾ ಹಿಂದಿನ ದಿನವೇ ಮನೆಗೆ ಹೋಗಿ, "ನೀವೇ ಬಂದು ನಾಲ್ಕು ಮಾತಾಡಿ ಅಜ್ಜಿ, ನಿಮ್ಮ ಮಾತಿಗೆ ಬೆಲೆ ಇದೆ," ಎಂದು ಕೇಳಿಕೊಂಡಳು.

"ನಾನು ಬಂದು ಕೂತ್ರೆ ಐದು ಹತ್ತಕ್ಕೆ ಓದೋರ್ಯಾರು?"

"ಒಂದು ದಿನ ಬಿಟ್ರೆ ಏನಾಗುತ್ತೆ?"

"ಒಂದು ದಿನ ಬಿಟ್ಟೂ ನಡೆಯುತ್ತೆ ಅಂತಾದ್ರೆ ಕ್ಲೈಡ್ ಹೇಳೋದೇ ಸರಿ ಆಯ್ತಲ್ಲಮ್ಮ," ಎಂದು ಅಗ್ರಫೀನಾ ಒಲೆಯ ಕಡೆ ತಿರುಗಿದಳು.

ಬುಧವಾರ ಬಂತು. ಸಭಾಭವನದ ಅಡುಗೆಮನೆಯಲ್ಲಿ ಕಾಫಿ ಕಾಯಿಸುವ ಕೆಲಸ ನನ್ನದು. ಒಲೆಯ ಪಕ್ಕ ರೇಡಿಯೊ ಸಣ್ಣಗೆ ಹಾಕಿಟ್ಟಿದ್ದೆ. ಕ್ಲೈಡ್ ಮುಖ ಸರಿಯಿರಲಿಲ್ಲ. ಅವನ ಮಗಳು ತೆಕ್ಲಾ ಎಂಟು ತಿಂಗಳ ಕೂಸನ್ನು ಕಟ್ಟಿಕೊಂಡು, ಗಂಡನ ಶಿಬಿರಕ್ಕೆಂದು ಮಧ್ಯಾಹ್ನವೇ ಸಣ್ಣ ದೋಣಿಯಲ್ಲಿ ಹೊರಟಿದ್ದಳು. ಎರಡು ಗಂಟೆಗೆ ಗಾಳಿ ಎದ್ದಿತ್ತು. ಭೂಶಿರದ ಹತ್ತಿರ ಅಲೆಗಳು ಬಿಳಿಯಾಗಿದ್ದುದು ಕಿಟಕಿಯಿಂದಲೇ ಕಾಣುತ್ತಿತ್ತು. ಅವನು ಫೋನು ತೆಗೆದು ನೋಡುವುದು, ಮತ್ತೆ ಜೇಬಿಗೆ ಹಾಕುವುದು.

ಆದರೂ ಸರದಿ ಬಂದಾಗ ಎದ್ದು ನಿಂತು ಜೋರಾಗಿಯೇ ಶುರುಮಾಡಿದ. ಹಳೆಯದನ್ನು ಹಿಡಿದುಕೊಂಡು ಕೂತರೆ ಊರು ಮುಂದೆ ಹೋಗುವುದಿಲ್ಲ ಎಂದ. ಭಾನುವಾರ ರೇಡಿಯೊದಲ್ಲಿ ಹಾಕುವ ಆ ಅಳುಮುಂಜಿ ಸಂಗೀತ ಯಾರಿಗೆ ಬೇಕು ಎಂದ. ಕೊನೆಗೆ ಮೇಜು ಗುದ್ದಿ, "ನಾನು ಕೇಳ್ತೀನಿ, ಈ ಊರಲ್ಲಿ ಇವತ್ತಿಗೂ ರೇಡಿಯೊಗೆ ಕಿವಿ ಕೊಡೋನು ಒಬ್ಬನಾದ್ರೂ..." ಎಂದವನು ಅಲ್ಲಿಗೇ ನಿಂತುಬಿಟ್ಟ. ಕೈ ಎತ್ತಿ, ಎಲ್ಲರೂ ಸುಮ್ಮನಿರಿ ಎಂದು ಸನ್ನೆ ಮಾಡಿದ. ಅಡುಗೆಮನೆಯ ಕಡೆ ತಿರುಗಿ ನನಗೆ ಹೇಳಿದ: "ಸ್ವಲ್ಪ ಜೋರು ಮಾಡಮ್ಮ."

ಗಂಟೆ ಐದು ಹತ್ತು.

ತಾನು ಮಾಡಿದ್ದೇನು ಎಂದು ಅವನಿಗೆ ಆಮೇಲೆ ಹೊಳೆಯಿತು. ಹಿಂದಿನ ಸಾಲಿನಲ್ಲಿ ಯಾರೋ ನಗು ತಡೆಯಲಾರದೆ ಕೆಮ್ಮಿದರು. ಕ್ಲೈಡ್ ಎತ್ತಿದ ಕೈ ಇಳಿಸಲಿಲ್ಲ.

ಅಗ್ರಫೀನಾಳ ಒಣ ದನಿ ಬಂತು. ಅವಳು ಓದಿದ್ದು ಹನ್ನೊಂದು ಚೀಟಿ. ಯಾರದೋ ದೋಣಿಯ ಬಿಡಿಭಾಗ ವಿಮಾನದಲ್ಲಿ ಬಂದಿದೆ. ಎರಡನೇ ಸಲ. ಯಾರದೋ ನಾಯಿ ಮೂರು ಮರಿ ಹಾಕಿದೆ, ಕಪ್ಪು ಮರಿಯನ್ನು ಆಗಲೇ ಕೇಳಿದ್ದಾರೆ. ಎರಡನೇ ಸಲ. ಉಗಿಸ್ನಾನದ ಮನೆಯ ಕಟ್ಟಿಗೆ ಒಳಗಿಡಿ. ಎರಡನೇ ಸಲ. ಕ್ಲೈಡ್ ಹಣೆಯ ಮೇಲೆ ಬೆವರು ಮೂಡಿತು. ಹತ್ತನೆಯದೂ ಮುಗಿಯಿತು.

"ಕ್ಲೈಡ್‌ಗೆ, ಶಿಬಿರದಿಂದ ತೆಕ್ಲಾ. ಮೂರೂವರೆಗೆ ತಲುಪಿದೆವು. ನನ್ನ ಬಟ್ಟೆ ಒದ್ದೆ, ಮಗು ಒದ್ದೆಯಾಗಿಲ್ಲ. ಅಪ್ಪ, ಚಿಂತೆ ಬೇಡ." ಎರಡನೇ ಸಲವೂ ಓದಿದಳು, ಅಷ್ಟೇ ಒಣ ದನಿಯಲ್ಲಿ.

ಕ್ಲೈಡ್ ಕುರ್ಚಿ ಎಳೆದುಕೊಂಡು ಕುಳಿತ. ಎರಡೂ ಕೈಯಿಂದ ಮುಖ ಒರೆಸಿಕೊಂಡ. ಲೂಬಾ ಮೆಲ್ಲಗೆ ಕೇಳಿದಳು: "ಏನೋ ಕೇಳ್ತಿದ್ದೆ ಅಲ್ವಾ ಕ್ಲೈಡ್, ಒಬ್ಬನಾದ್ರೂ ಅಂತ?"

"ಸಾಕು ಸುಮ್ನಿರೇ ಮಾರಾಯ್ತಿ," ಎಂದ. "ನನ್ನ ಮಾತು ವಾಪಸ್. ಬರ್ಕೋ. ಆದ್ರೆ ಭಾನುವಾರದ ಆ ಸಂಗೀತ ಮಾತ್ರ ತೆಗೀಬೇಕು."

ಸಂಗೀತ ತೆಗೆಯಲಿಲ್ಲ, ರೇಡಿಯೊ ಉಳಿಯಿತು. ಭವನದ ಬಾಗಿಲು ತೆರೆದಾಗ ಇಡೀ ಊರು ಒಟ್ಟಿಗೆ ಉಸಿರು ಬಿಟ್ಟ ಹಾಗಿತ್ತು. ಗುಡ್ಡ ಹತ್ತಿ ಸುದ್ದಿ ಹೇಳಿದವಳು ನಾನೇ. ಅಗ್ರಫೀನಾ ಕನ್ನಡಕ ತೆಗೆದು, ಕಣ್ಣು ಒತ್ತಿಕೊಂಡಳು.

"ಅವನು ಅಲ್ಲಿ ಒದ್ದಾಡ್ತಿದ್ದ ಅಜ್ಜಿ, ಅವನ ಚೀಟಿ ಮೊದಲು ಓದಬಾರದಿತ್ತಾ?" ಎಂದೆ.

"ಕೊನೆಗೆ ಬಂದದ್ದು ಅದು. ಇವತ್ತು ಕ್ಲೈಡ್‌ದು ಮೊದಲು ಓದಿದ್ರೆ ನಾಳೆ ಇನ್ನೊಬ್ಬ ದೊಡ್ಡವನದು. ಎಲ್ಲರದ್ದು ಅಂದ್ಮೇಲೆ ಸಾಲು ಇರಬೇಕಮ್ಮ," ಎಂದಳು. ಆಮೇಲೆ ಓದಿದ ಚೀಟಿಗಳನ್ನು ಜೋಡಿಸುತ್ತಾ, "ಆದ್ರೂ ನನಗೂ ಆ ಹತ್ತು ಚೀಟಿ ಯಾವಾಗ ಮುಗಿಯುತ್ತೋ ಅನ್ನಿಸ್ತಿತ್ತು," ಎಂದಳು.

ಆಮೇಲೂ ಆರು ವರ್ಷ ಓದಿದಳು. ಕಣ್ಣು ಮಂಜಾದಾಗ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದ್ದು ತೆಕ್ಲಾಗೆ. "ನಮ್ಮಪ್ಪನ ಚೀಟಿ ಬಂದ್ರೂ ಸಾಲಲ್ಲೇ ಓದ್ತೀನಿ" ಎಂದು ಮೊದಲ ದಿನವೇ ಅವಳಿಂದ ಮಾತು ತೆಗೆದುಕೊಂಡಿದ್ದಳಂತೆ.

ಅಗ್ರಫೀನಾ ನಿದ್ದೆಯಲ್ಲೇ ಹೋದಳು, ಒಂದು ಸೆಪ್ಟೆಂಬರಿನಲ್ಲಿ. ಇಗರ್ಜಿಯ ಪಾದ್ರಿ ಮನೆಗೇ ಬಂದು, ಐದು ಗಂಟೆಗೆ ಹೊರಡೋಣ ಎಂದಿದ್ದರು. ಆದರೆ ಪೆಟ್ಟಿಗೆ ಹೊಸಿಲು ದಾಟಿಸುವ ಹೊತ್ತಿಗೆ ಐದು ಹತ್ತಾಯಿತು. ಮುಂದಿನ ಹಿಡಿ ಹಿಡಿದಿದ್ದ ಕ್ಲೈಡ್ ಕೈ ಎತ್ತಿದ. ಪೆಟ್ಟಿಗೆಯನ್ನು ಜಗಲಿಯ ಬೆಂಚಿನ ಮೇಲೆ ಇಳಿಸಿದರು. ಪಾದ್ರಿಗಳೂ ಟೋಪಿ ತೆಗೆದು ನಿಂತರು. ಅಡುಗೆಮನೆಯ ಕಿಟಕಿಯಲ್ಲಿ ಅವಳದೇ ಹಳೆಯ ರೇಡಿಯೊ. ತೆಕ್ಲಾ ಓದಿದ್ದು ಏಳು ಚೀಟಿ, ಎರಡೆರಡು ಸಲ, ತನ್ನ ಮಾತು ಒಂದನ್ನೂ ಸೇರಿಸದೆ. ಐದನೆಯದು ಅಗ್ರಫೀನಾಳ ಮನೆಗೇ ಇತ್ತು: ನಿಮ್ಮ ಮೀನುಕಡುಬಿನ ತಟ್ಟೆ ನಮ್ಮಲ್ಲೇ ಉಳಿದಿದೆ, ತೊಳೆದಿಟ್ಟಿದ್ದೇವೆ.

"ಸರಿ, ಈಗ ಎತ್ರಪ್ಪ," ಎಂದ ಕ್ಲೈಡ್. ಹಿಂದೆ ಮನೆ ಬಾಗಿಲು ಸದ್ದಾಯಿತು. ಅಗ್ರಫೀನಾ ಅವತ್ತೊಂದು ದಿನ ಐದೂವರೆಗೆ ಮನೆ ಬಿಟ್ಟಳು.