ಕೂಗಿ ಕೂಗಿ ಗಂಟಲು ಕಟ್ಟಿದೆಯಾ?

ಮೈಕಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದು ಅವನ ಹೆಂಡತಿಗೂ ಯಾವುದಾದರೂ ಫಾರಂ ತುಂಬುವಾಗ ಮಾತ್ರ ನೆನಪಾಗುತ್ತಿತ್ತು. ಮೂರು ಗಾಲಿಯ ಗಾಡಿಯ ನೆತ್ತಿಯ ಮೇಲೆ ಎರಡು ಸ್ಪೀಕರ್ ಕಟ್ಟಿ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಮೈಕು ಹಿಡಿದು ಮೂವತ್ತೊಂದು ವರ್ಷ ಊರೆಲ್ಲ ಸುತ್ತಿದ ಆಸಾಮಿ. ಚಪ್ಪಲಿ ಅಂಗಡಿಯೋ, ಹಲ್ಲಿನ ದವಾಖಾನೆಯೋ, ಹೊಲಿಗೆ ಕ್ಲಾಸೋ, ಯಾರು ಏನು ಶುರು ಮಾಡಿದರೂ ಮೊದಲು ಅವನ ಮನೆ ಬಾಗಿಲು ತಟ್ಟಬೇಕು.

ಬರೀ ಗಂಟಲಿದ್ದರೆ ಆಗುವ ಕೆಲಸವಲ್ಲ ಅದು, ತಲೆಯೂ ಬೇಕು. ಅದು ಅವನಿಗಿತ್ತು, ಇದೆ ಅನ್ನುವ ಜಂಭವೂ ಇತ್ತು. ಒಮ್ಮೆ ಹಾಸಿಗೆ ಅಂಗಡಿಯ ಯಜಮಾನರು ದಿನಾ ಬೆಳಿಗ್ಗೆ ಹತ್ತಕ್ಕೆ ಕೂಗಿಸುತ್ತಿದ್ದರು. ಒಂದು ದಿಂಬೂ ಮಾರಾಟವಾಗಲಿಲ್ಲ. ಮೂರನೆಯ ದಿನ ಮೈಕಣ್ಣ ಮುಖಕ್ಕೆ ಹೊಡೆದಂತೆ ಕೇಳಿಯೇಬಿಟ್ಟ, ಬೆಳಿಗ್ಗೆ ಹತ್ತು ಗಂಟೆಗೆ ಯಾರಿಗೆ ಬೆನ್ನು ನೋಯುತ್ತೆ ಸಾರ್ ಅಂತ. ಅವತ್ತಿನಿಂದ ಸಂಜೆ ಆರಕ್ಕೆ, ಕಾರ್ಖಾನೆಯವರು ಬಸ್ಸಿಳಿದು ಸೊಂಟ ಹಿಡಿದುಕೊಂಡು ನಡೆಯುವ ಜಾಗದಲ್ಲಿ ಗಾಡಿ ನಿಲ್ಲಿಸಿ, ಇವತ್ತು ಯಾವ ಮಗ್ಗುಲಿಗೆ ಮಲಗೋದು ಅಂತ ಈಗಲೇ ಚಿಂತೆಯಾ ಎಂದು ಕೂಗಿದ. ಎರಡೇ ವಾರದಲ್ಲಿ ಗೋದಾಮು ಖಾಲಿ. ಸರಕು ಕೂಗಬಾರದು, ಕಷ್ಟ ಕೂಗಬೇಕು, ಕಷ್ಟಪಡೋರು ನಿಂತಿರೋ ಕಡೆ ಹೋಗಿ ಕೂಗಬೇಕು ಎಂದು ಆಮೇಲೆ ಬಂದವರಿಗೆಲ್ಲ ಪುಕ್ಕಟೆ ಪಾಠ ಹೇಳುತ್ತಿದ್ದ. ಕನ್ನಡಕದ ಅಂಗಡಿಯವನೊಬ್ಬ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಕರಪತ್ರ ಅಚ್ಚು ಹಾಕಿಸಿ ಹಂಚಿದಾಗ ಒಂದು ತಿಂಗಳು ಅದನ್ನೇ ಹೇಳಿಕೊಂಡು ನಕ್ಕಿದ್ದ. ಕಣ್ಣು ಕಾಣದೋರು ಅದನ್ನ ಓದೋದು ಹೇಗಪ್ಪಾ!

ನಗಲಿ, ನಗಲಿ. ಅವನ ಸರದಿಯೂ ಬರುವುದಿತ್ತು.

ಮೂವತ್ತೊಂದು ವರ್ಷ ಸ್ಪೀಕರ್ ಕೆಳಗೆ ಕೂತವನ ಕಿವಿ ನೆಟ್ಟಗಿರುತ್ತದೆಯೇ? ಹೋಗಿ ಆರು ವರ್ಷವಾಗಿತ್ತು. ಅವನು ಮಾತ್ರ ಒಪ್ಪುತ್ತಿರಲಿಲ್ಲ. ಹಿಂದಿನ ಗಾಡಿಯವರು ಹಾರ್ನ್ ಹೊಡೆದು ಹೊಡೆದು ಸುಸ್ತಾಗಿ, ಇವನಿಗೆ ಏನು ಧಿಮಾಕು ಎಂದು ಬೈದುಕೊಂಡು ಪಕ್ಕದಿಂದ ಹೋಗುತ್ತಿದ್ದರು. ಮನೆಯಲ್ಲಿ ಹೆಂಡತಿ ಊಟಕ್ಕೆ ಮೂರು ಸಲ ಕರೆದರೂ ಅಲ್ಲಾಡುತ್ತಿರಲಿಲ್ಲ. ನಾಲ್ಕನೆಯ ಸಲ ಆಕೆ ಮನೆಯ ಹೆಂಚು ಹಾರುವ ಹಾಗೆ ಕೂಗಿದರೆ, ಯಾಕೆ ಹಾಗೆ ಮೈಮೇಲೆ ಬರ್ತೀಯ ಎಂದು ಮುಖ ಊದಿಸಿಕೊಳ್ಳುತ್ತಿದ್ದ. ವಯಸ್ಸಾಗುತ್ತಾ ಇವಳಿಗೆ ಸಿಡುಕು ಜಾಸ್ತಿಯಾಯಿತು ಎಂದೇ ಅವನ ಲೆಕ್ಕ. ಬೀದಿಯವರ ಲೆಕ್ಕವೂ ಅದೇ. ಬೆಳಗಿನಿಂದ ಸಂಜೆಯವರೆಗೆ ಗಂಡನ ಮೇಲೆ ಹಾರಾಡುವ ಗಯ್ಯಾಳಿ ಎಂದು ಆಕೆಗೆ ಹೆಸರು ಬಂದಿತ್ತು. ಆಕೆ ಅದನ್ನು ಹೊಟ್ಟೆಗೆ ಹಾಕಿಕೊಂಡಿದ್ದಳು. ಮೈಕು ಹಿಡಿಯುವವನಿಗೇ ಕಿವಿ ಕೇಳದು ಅಂತ ಗೊತ್ತಾದರೆ ಊರು ನಗುತ್ತದೆ, ಅದಕ್ಕಿಂತ ತನ್ನ ಮೇಲೆ ಬಂದರೆ ಬರಲಿ ಎಂದು ಬಾಯಿ ಬಿಟ್ಟಿರಲಿಲ್ಲ.

ಒಬ್ಬಳೇ ಮಗಳು. ಕಿವಿಯ ಪರೀಕ್ಷೆ ಮಾಡುವ ವಿದ್ಯೆ ಕಲಿತು, ಏಳು ವರ್ಷ ಆಸ್ಪತ್ರೆಯಲ್ಲಿ ದುಡಿದು, ಆ ಕೆಲಸ ಬಿಟ್ಟು ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಶ್ರವಣಯಂತ್ರದ ಅಂಗಡಿ ತೆರೆದಳು. ಪರೀಕ್ಷೆಯ ಯಂತ್ರ ಅವಳದಲ್ಲ, ಕಂಪನಿಯದು. ಮೂರು ತಿಂಗಳಲ್ಲಿ ಮೂವತ್ತು ಜನಕ್ಕೆ ಕಿವಿ ಯಂತ್ರ ಹಾಕಿದರೆ ಉಳಿಯುತ್ತದೆ, ಇಲ್ಲವಾದರೆ ಬಂದು ಎತ್ತಿಕೊಂಡು ಹೋಗುತ್ತೇವೆ ಎಂದು ಅವರು ಮೊದಲೇ ಹೇಳಿದ್ದರು. ಅದು ಹೋದರೆ ಅಂಗಡಿಯಲ್ಲಿ ಉಳಿಯುವುದು ಎರಡು ಕುರ್ಚಿ, ಒಂದು ಬೆಂಚು.

ಮಗಳು ಎಲ್ಲಾ ಯೋಚಿಸಿಯೇ ಮಾಡಿದ್ದಳು. ಎರಡು ಸಾವಿರ ಕರಪತ್ರ, ಮೊದಲ ವಾರ ಉಚಿತ ಪರೀಕ್ಷೆ, ಬೀದಿಯ ಆ ತುದಿಗೂ ಕಾಣುವಂತೆ ದೊಡ್ಡ ಕಿವಿ ಬರೆಸಿದ ಬೋರ್ಡು. ಇನ್ನು ಪ್ರಚಾರಕ್ಕೆ ಅಪ್ಪನೇ ಇರುವಾಗ ಕೇಳಬೇಕೇ? ಮೈಕಣ್ಣ ಹೊಸ ಬ್ಯಾಟರಿ ಹಾಕಿಸಿಕೊಂಡು ಹೊರಟ. ಕಿವಿ ಕೇಳದವರೇ, ಬನ್ನಿ, ಬನ್ನಿ ಎಂದು ಊರು ಬಿರಿಯುವಂತೆ ಕೂಗಿದ.

ಎರಡು ತಿಂಗಳಿಗೆ ನಾಲ್ಕು ಜನ ಯಂತ್ರ ಹಾಕಿಸಿಕೊಂಡರು. ಹತ್ತಾರು ಜನ ಮೆಟ್ಟಿಲ ತನಕ ಬಂದು, ಬೋರ್ಡು ನೋಡಿ, ಟೈರ್ ಅಂಗಡಿಯಲ್ಲಿ ಕೂತವರನ್ನು ನೋಡಿ, ಗಾಳಿ ತುಂಬಿಸಲು ಬಂದವರ ಹಾಗೆ ನಿಂತು ಹಿಂದಿರುಗಿದರು. ಮಗಳ ಮುಖ ದಿನದಿಂದ ದಿನಕ್ಕೆ ಸಣ್ಣದಾಯಿತು. ಒಂದು ಸಂಜೆ ಅವಳಿಗೆ ಥಟ್ಟನೆ ಹೊಳೆಯಿತು.

"ಅಪ್ಪಾ, ಕಿವಿ ಕೇಳದೋರಿಗೆ ನಾವು ಕೂಗಿ ಹೇಳ್ತಿದೀವಲ್ಲಾ!" ಎಂದು ಅವನ ಕಿವಿಯ ಹತ್ತಿರ ಬಂದು ಹೇಳಿ ನಗತೊಡಗಿದಳು. ನಗುತ್ತಲೇ ಅವಳ ಕಣ್ಣು ತುಂಬಿತು.

ಮೈಕಣ್ಣ ನಗಲಿಲ್ಲ. ಹೌದಲ್ಲವೇ ಎಂದು ಒಂದು ಕ್ಷಣ ಯೋಚಿಸಿ, ಹಾಗಾದರೆ ನಾಳೆಯಿಂದ ಇನ್ನೂ ಜೋರು ಇಡುತ್ತೇನೆ ಎಂದ. ಇವನಿಗೆ ಏನು ಹೇಳುವುದು!

ಅದೇ ವಾರ ಹೆಂಡತಿಯ ದನಿ ಪೂರ್ತಿ ಬಿದ್ದುಹೋಯಿತು. ಬಾಯಿ ತೆರೆದರೆ ಬರೀ ಗಾಳಿ. ಮೂವರೂ ಡಾಕ್ಟರ್ ಹತ್ತಿರ ಹೋದರು. ಡಾಕ್ಟರಮ್ಮ ಗಂಟಲಿಗೆ ಬೆಳಕು ಬಿಟ್ಟು ನೋಡಿ, ನೀವು ಟೀಚರಾ ಎಂದು ಕೇಳಿದರು. ಆಕೆ ಅಲ್ಲವೆಂದು ತಲೆಯಾಡಿಸಿದಳು. ಮಾರ್ಕೆಟ್ಟಲ್ಲಿ ವ್ಯಾಪಾರವಾ? ಅದೂ ಅಲ್ಲ. ಮತ್ತೆ ಗಂಟಲು ಹೀಗೆ ಹರಿದುಹೋಗುವಂಥದ್ದು ಏನು ಮಾಡುತ್ತೀರಿ ಎಂದಾಗ ಆಕೆ ಮೆಲ್ಲಗೆ ಬೆರಳೆತ್ತಿ ಪಕ್ಕದಲ್ಲಿದ್ದ ಗಂಡನನ್ನು ತೋರಿಸಿದಳು. ಡಾಕ್ಟರಮ್ಮ ಅವನ ಕಡೆ ತಿರುಗಿ, ಎಷ್ಟು ವರ್ಷದಿಂದ ಹೀಗೆ ಎಂದು ಕೇಳಿದರು. ಮೈಕಣ್ಣ ನಗುಮುಖ ಮಾಡಿ, ಹೂಂ ಮೇಡಂ, ಊಟ ಸರಿಯಾಗಿ ಮಾಡ್ತಾಳೆ ಎಂದ. ಹತ್ತು ದಿನ ಒಂದಕ್ಷರ ಮಾತಾಡಕೂಡದು ಎಂದು ಚೀಟಿ ಬರೆದುಕೊಟ್ಟರು.

ಮನೆ ತಣ್ಣಗಾಯಿತು. ಮೊದಲೆರಡು ದಿನ ಮೈಕಣ್ಣನಿಗೆ ಹಾಯೆನಿಸಿದ್ದು ಸುಳ್ಳಲ್ಲ. ಹೆಂಡತಿ ಏನಾದರೂ ಹೇಳಬೇಕಾದಾಗ ಮಗಳ ಅಂಗಡಿಯಲ್ಲಿ ಉಳಿದ ಕರಪತ್ರದ ಹಿಂಬದಿಯಲ್ಲಿ ಬರೆದು, ಅವನ ಭುಜ ತಟ್ಟಿ ತೋರಿಸುತ್ತಿದ್ದಳು. ನಾಲ್ಕನೆಯ ದಿನ ಮಧ್ಯಾಹ್ನ ಅವನು ಒಬ್ಬನೇ ಕೂತಿದ್ದಾಗ ಮೇಜಿನ ಮೇಲೆ ಆ ಕಾಗದಗಳ ರಾಶಿ ಕಂಡಿತು. ಸುಮ್ಮನೆ ಕೈಗೆತ್ತಿಕೊಂಡ. ಊಟಕ್ಕೆ ಬನ್ನಿ. ಯಾರೋ ಬಾಗಿಲು ತಟ್ಟುತ್ತಿದ್ದಾರೆ. ಊಟ ಆರಿಹೋಗುತ್ತದೆ, ಬನ್ನಿ. ನಿಮ್ಮ ಫೋನು ಆಗಿನಿಂದ ಬಡಿದುಕೊಳ್ಳುತ್ತಿದೆ. ನಲ್ಲಿ ನಿಲ್ಲಿಸದೆ ಬಂದಿದ್ದೀರಿ. ನಾಲ್ಕು ದಿನಕ್ಕೆ ನೂರ ಹನ್ನೆರಡು ಕಾಗದ. ಒಂದರಲ್ಲೂ ಜಗಳವಿಲ್ಲ, ಸಿಡುಕಿಲ್ಲ. ಒಂದನ್ನು ಮಗುಚಿ ನೋಡಿದ. ಕಿವಿ ಕೇಳದವರೇ, ಬನ್ನಿ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು.

ಅಲ್ಲಿಗೆ ಅವನ ಜಂಭ ಇಳಿಯಿತು. ಇಷ್ಟನ್ನೂ ಇವಳು ಆರು ವರ್ಷ ಕೂಗಿ ಹೇಳಿದ್ದಾಳೆ, ನಾನು ಅದಕ್ಕೆ ಸಿಡುಕು ಎಂದು ಹೆಸರಿಟ್ಟೆನಲ್ಲ ಎಂದು ಕೂತಲ್ಲೇ ಕರಗಿಹೋದ. ಜೊತೆಗೇ ಹಾಸಿಗೆ ಅಂಗಡಿಯೂ ನೆನಪಾಯಿತು. ಕಷ್ಟ ಯಾರದ್ದು? ಕಿವಿ ಕೇಳದ ತನಗೇನು ಕಷ್ಟವಿತ್ತು? ತಾನು ಆರಾಮಾಗಿದ್ದ. ಗಂಟಲು ಹರಿದುಕೊಂಡವಳು ಇವಳು. ಊರಿಗೆಲ್ಲ ಹೇಳಿದ ಪಾಠ ಮಗಳ ಅಂಗಡಿಗೆ ಬಂದಾಗ ಮರೆತದ್ದೇಕೆ ಎಂಬುದೂ ಅವನಿಗೆ ತಿಳಿಯಿತು. ಅದನ್ನು ನೆನೆಸಿಕೊಂಡರೆ ತನ್ನ ಮನೆಯನ್ನೇ ನೋಡಬೇಕಾಗುತ್ತಿತ್ತು.

ಹೆಂಡತಿಯ ಹತ್ತು ದಿನ ಮುಗಿದ ಬೆಳಿಗ್ಗೆ ಅವಳನ್ನು ಕರೆದುಕೊಂಡು ಟೈರ್ ಅಂಗಡಿಯ ಮೆಟ್ಟಿಲು ಹತ್ತಿದ. ಮೆಟ್ಟಿಲ ಬುಡದಲ್ಲಿ ಅವನ ಕಾಲೂ ತಡವರಿಸಿತು. ತಲೆಯ ಮೇಲೆ ಅಷ್ಟು ದೊಡ್ಡ ಕಿವಿ, ಕೆಳಗೆ ಅಷ್ಟು ಜನರ ಕಣ್ಣು. ಮಗಳ ಎದುರು ಕುರ್ಚಿಯಲ್ಲಿ ಕೂತು ಒಂದೇ ಮಾತು ಹೇಳಿದ.

"ನನ್ನ ಕಿವಿ ನೋಡು ಪುಟ್ಟೀ. ಮೊದಲು ಆ ಬೋರ್ಡಿನ ಕಿವಿ ಅಳಿಸು."

ಮಗಳು ಪರೀಕ್ಷೆ ಮಾಡಿ, ಎರಡೂ ಕಿವಿಗೆ ಯಂತ್ರ ಕೂರಿಸಿ, ಅಮ್ಮನ ಕಡೆ ನೋಡಿ ಏನಾದರೂ ಮಾತಾಡು ಎಂದು ಕೈಸನ್ನೆ ಮಾಡಿದಳು. ಹತ್ತು ದಿನ ಬಾಯಿಗೆ ಬೀಗ ಹಾಕಿಕೊಂಡವಳು ಏನು ಮಾತಾಡಿಯಾಳು?

"ಚೀಲ ತಂದಿದೀರಾ? ಹೋಗ್ತಾ ತರಕಾರಿ ತಗೋಬೇಕು," ಎಂದಳು ಮೆಲ್ಲಗೆ.

ಮೈಕಣ್ಣ ಗಳಗಳ ಅಳತೊಡಗಿದ. ಸದ್ದು ಜಾಸ್ತಿಯಾಯಿತೇನೋ ಎಂದು ಮಗಳು ಗಾಬರಿಯಿಂದ ಯಂತ್ರಕ್ಕೆ ಕೈಹಾಕಿದಳು. ಅವನು ಬೇಡ, ಬೇಡ ಎಂದು ಅವಳ ಕೈ ಹಿಡಿದುಕೊಂಡ. ಹೆಂಡತಿಯ ದನಿ ಇಷ್ಟು ಮೆತ್ತಗೆ ಎನ್ನುವುದೇ ಅವನಿಗೆ ಮರೆತುಹೋಗಿತ್ತು.

ಅವತ್ತೇ ಬೋರ್ಡಿನ ಕಿವಿ ಅಳಿಯಿತು. ಮರುದಿನದಿಂದ ಕೂಗೂ ಬದಲಾಯಿತು. ಸಂಜೆ ನಾಲ್ಕಕ್ಕೆ, ಹೆಂಗಸರು ಗೇಟಿನ ಹತ್ತಿರ ನಿಲ್ಲುವ ಗಲ್ಲಿಗಳಲ್ಲಿ, ಸ್ಪೀಕರ್ ಸದ್ದು ಅರ್ಧಕ್ಕೆ ಇಳಿಸಿ ಹೇಳಿದ. ಮನೆಯಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿದೆಯಾ? ಟೀವಿ ಸದ್ದಿಗೆ ಪಕ್ಕದ ಮನೆಯವರು ಜಗಳಕ್ಕೆ ಬರ್ತಾರಾ? ಒಂದು ಸಲ ಕರ್ಕೊಂಡು ಬನ್ನಿ. ನಾನೂ ಹಾಕ್ಕೊಂಡಿದೀನಿ, ನೋಡಿ ಎಂದು ತಲೆ ತಿರುಗಿಸಿ ಕಿವಿ ತೋರಿಸಿದ. ಮೊದಲ ದಿನವೇ ಒಬ್ಬ ಸೊಸೆ ಅತ್ತೆಯ ಕೈ ಹಿಡಿದುಕೊಂಡು ಬಂದಳು. ಮಾರನೆಯ ದಿನ ನಿವೃತ್ತ ಮೇಷ್ಟ್ರೊಬ್ಬರನ್ನು ಅವರ ಹೆಂಡತಿ ಅಕ್ಷರಶಃ ತಳ್ಳಿಕೊಂಡು ಬಂದರು. ಆಮೇಲೆ ಬೆಂಚು ಸಾಲಲಿಲ್ಲ, ಟೈರ್ ಅಂಗಡಿಯವನು ತನ್ನ ಎರಡು ಸ್ಟೂಲು ಮೇಲೆ ಕಳಿಸಿದ. ಮೂರನೇ ತಿಂಗಳ ಕೊನೆಯ ದಿನ ಕಂಪನಿಯ ಮನುಷ್ಯ ಪರೀಕ್ಷೆಯ ಯಂತ್ರ ಒಯ್ಯಲು ಬಂದವನು ಕೂರಲು ಜಾಗವಿಲ್ಲದೆ ಗೋಡೆಗೊರಗಿ ನಿಂತ. ಮೂವತ್ತನಾಲ್ಕು ಹೆಸರಿದ್ದ ಪಟ್ಟಿ ನೋಡಿ, ಯಂತ್ರದ ಸುದ್ದಿಯನ್ನೇ ಎತ್ತದೆ ಮೆಟ್ಟಿಲಿಳಿದ. ಮಗಳು ಒಳಗೆ ಹೋಗಿ ಅಮ್ಮನನ್ನು ತಬ್ಬಿಕೊಂಡಳು. ನಿನ್ನ ಗಂಟಲಿಂದ ಉಳೀತಮ್ಮಾ ಎಂದಳು.

ಅವತ್ತು ಸಂಜೆ ಮೈಕಣ್ಣ ಗಾಡಿಯನ್ನು ತನ್ನ ಬೀದಿಗೆ ತಿರುಗಿಸಿದ. ಮೂವತ್ತೊಂದು ವರ್ಷದಲ್ಲಿ ಅಲ್ಲಿ ಒಂದು ದಿನವೂ ಮೈಕು ಹಚ್ಚಿದವನಲ್ಲ. ಮನೆಯ ಎದುರು ನಿಲ್ಲಿಸಿ ಮೈಕು ಕೈಗೆತ್ತಿಕೊಂಡ. ಕಿಟಕಿಗಳು ತೆರೆದವು.

"ಬೀದಿಯವರಿಗೆ ಒಂದು ಮಾತು. ಆರು ವರ್ಷ ನೀವು ಈ ಮನೆಯಿಂದ ಕೇಳಿದ್ದು ಜಗಳ ಅಲ್ಲ. ಕಿವಿ ಕೇಳದ ಗಂಡನ್ನ ಹೆಂಡತಿ ಊಟಕ್ಕೆ ಕರೆದದ್ದು. ನನ್ನ ಮರ್ಯಾದೆ ಉಳಿಸೋಕೆ ಅವಳು ಕೆಟ್ಟ ಹೆಸರು ತಗೊಂಡ್ಲು. ಅವಳ ಋಣ ನನ್ನ ಮೇಲಿದೆ."

ಪಕ್ಕದ ಮನೆಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೆಂಡತಿ ಬಾಗಿಲಿಗೆ ಬಂದು ನಿಂತಿದ್ದಳು. ನಾಚಿಕೆಗೋ ಸಂತೋಷಕ್ಕೋ ಮುಖ ಕೆಂಪಾಗಿತ್ತು.

"ಸಾಕು, ಊಟಕ್ಕೆ ಬನ್ನಿ," ಎಂದಳು, ಹತ್ತು ಹೆಜ್ಜೆ ದೂರದಿಂದ, ಮೆಲ್ಲಗೆ.

ಒಂದೇ ಸಲ ಕರೆದಳು. ಮೈಕಣ್ಣ ಮೈಕು ಆರಿಸಿ ಗಾಡಿಯಿಂದಿಳಿದ.