ಹಳೆ ವರ್ಷನ್ನಿನ ಚಿತ್ತರಂಜನ ಶೆಟ್ರು

ಬೆಳಗ್ಗೆ ಆರೂವರೆ. ಫಳ್ನೀರಿನ ಒಂದು ಸಣ್ಣ ಶ್ರವಣ ಚಿಕಿತ್ಸಾಲಯದ ಶಟರ್ ಅರ್ಧ ಮಾತ್ರ ಎದ್ದಿದೆ. ಒಳಗೆ ಚಿತ್ತರಂಜನ ಶೆಟ್ಟರು ಮೇಜಿನಡಿಗೆ ನುಗ್ಗಿ ಕಂಪ್ಯೂಟರಿನ ಇಂಟರ್ನೆಟ್ ವಯರ್ ಕೀಳುತ್ತಾರೆ. ಕಿತ್ತದ್ದನ್ನು ಸುತ್ತಿ ತಮ್ಮ ಕಿಸೆಗೇ ಹಾಕಿಕೊಳ್ಳುತ್ತಾರೆ. "ಇಲ್ಲೇ ಬಿಟ್ರೆ ಯಾರಾದ್ರೂ ಪುನಃ ಸಿಕ್ಕಿಸ್ತಾರೆ" ಅಂತ ನನಗೆ ವಿವರಣೆ. ಆಮೇಲೆ ಕಂಪ್ಯೂಟರಿನ ತಾರೀಕನ್ನು ಹದಿನಾಲ್ಕು ವರ್ಷ ಹಿಂದಕ್ಕೆ ತಿರುಗಿಸುತ್ತಾರೆ. ಇವತ್ತಿನ ತಾರೀಕು ಕಂಡರೆ ಅವರು ತಂದ ಪ್ರೋಗ್ರಾಂ ಏಳುವುದೇ ಇಲ್ಲವಂತೆ. ಸಿಡಿ ಒಳಗೆ ಹೋಗಿ ಗುರ್ರೆನ್ನುತ್ತದೆ. ಶೆಟ್ಟರು ಪರದೆಗೆ ಮುಖ ಕೊಟ್ಟು, ಪಕ್ಕದಲ್ಲಿ ಕೂತ ನನಗೇ ಸರಿಯಾಗಿ ಕೇಳದಷ್ಟು ಮೆಲ್ಲಗೆ ತುಳುವಿನಲ್ಲಿ ಗೊಣಗುತ್ತಾರೆ. "ಲಕ್ಕ್ ಮಾರಾಯ, ಒರ ಲಕ್ಕ್." ಏಳು ಮಾರಾಯ, ಒಂದು ಸಲ ಏಳು.

ಅಪ್‌ಡೇಟ್ ಎಂದು ಫೋನು ಕೇಳಿದ ಕೂಡಲೇ ಹಿಂದೆಮುಂದೆ ನೋಡದೆ ಒತ್ತಿಬಿಡುವವರು ನಾವು. ಶೆಟ್ಟರದ್ದು ಉಲ್ಟಾ ಕೆಲಸ. ಎಲ್ಲರೂ ಬಿಸಾಡಿದ ಹಳೆ ವರ್ಷನ್ ಹುಡುಕಿಕೊಡುವುದು. ಕಂಕನಾಡಿಯಲ್ಲಿ ಬೇಕರಿಯ ಮೇಲೆ ಅವರಿಗೊಂದು ಕೋಣೆ ಉಂಟು. ಮೆಟ್ಟಿಲು ಹತ್ತುವಾಗ ಬನ್ನಿನ ಪರಿಮಳ, ಬಾಗಿಲು ತೆರೆದರೆ ಸಿಡಿಗಳ ರಾಶಿ. ದಿನಕ್ಕೆ ನಾಲ್ಕೈದು ಫೋನು ಬರುತ್ತವೆ. ಕಸೂತಿ ಯಂತ್ರ ಇಟ್ಟುಕೊಂಡ ಜಾನೆಟ್ ಬಾಯಿ, ಹಳೆಯ ಕನ್ನಡ ಫೈಲು ತೆರೆಯಲಾಗದ ಮುದ್ರಣಾಲಯದವರು, ಲೇತ್ ಯಂತ್ರದ ವರ್ಕ್‌ಶಾಪಿನವರು. ಎಲ್ಲರದ್ದೂ ಒಂದೇ ಗೋಳು: ಯಂತ್ರ ಗಟ್ಟಿ ಉಂಟು, ಅದನ್ನು ನಡೆಸುವ ಪ್ರೋಗ್ರಾಂ ಇಲ್ಲ.

"ಮೂರು ಜಾತಕ ಕೂಡಿ ಬರ್ಬೇಕು" ಅನ್ನುತ್ತಾರೆ ಶೆಟ್ಟರು. "ಯಂತ್ರದ್ದು, ಕಂಪ್ಯೂಟರಿನದ್ದು, ಪ್ರೋಗ್ರಾಮಿನದ್ದು. ಎರಡು ಕೂಡಿ ಒಂದು ಕೂಡದಿದ್ರೆ ಮದುವೆ ಇಲ್ಲ."

ಅವರು ಕಲಿತದ್ದು ಬಿಕಾಂ. ಮನೆಯವರದ್ದು ಹೋಟೆಲು, ಇವರು ಕ್ಯಾಶಿನಲ್ಲಿ ಕೂತವರು. ಒಂದು ದಿನ ಬಿಲ್ಲಿನ ಕಂಪ್ಯೂಟರ್ ಬದಲಾಯಿಸಿದಾಗ ಹೊಸದಕ್ಕೆ ಹಳೆ ಪ್ರೋಗ್ರಾಂ ಹಿಡಿಸಲಿಲ್ಲ. ಸರಿಯಾದ ವರ್ಷನ್ನಿಗಾಗಿ ಊರೆಲ್ಲ ಅಲೆದರು, ಸಿಕ್ಕಿತು, ಹುಚ್ಚೂ ಹಿಡಿಯಿತು. "ಹೋಟೆಲಿನವರ ಮಗ ಗುಜರಿಯಲ್ಲಿ ಸಿಡಿ ಹೆಕ್ತಾನೆ ಅಂತ ನೆಂಟರೆಲ್ಲ ನೆಗಾಡಿದ್ರು. ನೆಗಾಡ್ಲಿ, ಹೆಕ್ಕುವುದು ಹೌದಲ್ಲ." ಹೆಂಡತಿ ಗುಣವತಿಯವರ ತಕರಾರು ಬೇರೆ. ಸೀರೆಯ ಕಪಾಟಿಗೂ ಸಿಡಿ ನುಗ್ಗಿದ್ದು ಒಂದು, ಗಂಡ ಮಾತಾಡಿದ್ದು ಕೇಳುವುದಿಲ್ಲ ಎಂಬುದು ಇನ್ನೊಂದು. "ಹೊಟ್ಟೆಯೊಳಗೇ ಮಾತಾಡ್ತಾರೆ ಇವರು" ಅಂತ ನನ್ನಲ್ಲೂ ದೂರಿದ್ದಾರೆ.

ಇವತ್ತಿನ ಕೆಲಸ ಸತ್ಯವತಿ ಟೀಚರಿಗಾಗಿ. ನಿವೃತ್ತರಾದ ಮೇಲೆ ಮನೆಯ ಜಗಲಿಯಲ್ಲಿ ಸಂಜೆ ಮಕ್ಕಳಿಗೆ ಶ್ಲೋಕ ಹೇಳಿಕೊಡುತ್ತಿದ್ದವರು. ಕಿವಿಯ ಯಂತ್ರ ಹಳೆಯದು, ಅದರ ಶಬ್ದಕ್ಕೇ ಅವರ ಕಿವಿ ಒಗ್ಗಿದೆ. ಮಳೆಗಾಲದಲ್ಲಿ ಅದು ಕೆಟ್ಟು ರಿಪೇರಿಗೆ ಹೋಗಿ ಬರುವಾಗ, ಅವರ ಕಿವಿಗೆಂದೇ ಕೂರಿಸಿದ ಅಳತೆಯೆಲ್ಲ ಅಳಿಸಿಹೋಗಿತ್ತು. ಪುನಃ ಕೂರಿಸೋಣವೆಂದರೆ ಚಿಕಿತ್ಸಾಲಯದಲ್ಲಿ ಯಾರೋ ಕಂಪ್ಯೂಟರಿಗೆ ನೆಟ್ ಸಿಕ್ಕಿಸಿದ್ದಾರೆ, ಪ್ರೋಗ್ರಾಂ ತನ್ನಷ್ಟಕ್ಕೇ ಹೊಸದಾಗಿ ಕೂತಿದೆ. ಈ ಯಂತ್ರದ ಗುರುತೇ ತನಗಿಲ್ಲ ಅನ್ನುತ್ತದೆ. ಹೊಸ ಯಂತ್ರವನ್ನೂ ಟೀಚರ್ ಹಾಕಿ ನೋಡಿದರು. "ಪಾತ್ರೆ ಬಿದ್ದದ್ದೂ ಮಕ್ಕಳು ಮಾತಾಡಿದ್ದೂ ಅದರಲ್ಲಿ ಒಂದೇ ಹಾಗೆ" ಎಂದು ತೆಗೆದಿಟ್ಟರು. ಪಾಠ ನಿಂತಿತು. "ಮಕ್ಕಳು ತಪ್ಪು ಹೇಳಿದ್ರೂ ತಲೆ ಆಡಿಸಿಕೊಂಡು ಕೂರುವುದು ಎಂತ ಪಾಠ? ಅದಕ್ಕಿಂತ ಬಾಗಿಲು ಹಾಕುವುದು ಒಳ್ಳೇದು."

ಕಳೆದ ವಾರ ಶೆಟ್ಟರು ಒಂದು ವರ್ಷನ್ ತಂದಿದ್ದರು. ಟೀಚರ್ ಆಸೆಯಿಂದ ಬಂದು ಕೂತಿದ್ದರು. ಆಗಲಿಲ್ಲ. ಆ ಪ್ರೋಗ್ರಾಂ ಈ ಯಂತ್ರ ಹುಟ್ಟುವುದಕ್ಕಿಂತಲೂ ಹಿಂದಿನದು. "ತಪ್ಪು ನನ್ನದೇ. ಹಳತು ಸಿಕ್ಕಿತು ಅಂತ ಕುಶಿಯಲ್ಲಿ ಪ್ರಾಯ ನೋಡ್ಲಿಲ್ಲ. ಟೀಚರ್ ಒಂದು ಮಾತು ಬೈಲಿಲ್ಲ, ಸುಮ್ಮನೆ ಎದ್ದು ಹೋದ್ರು. ನನಗೆ ಊಟ ಸೇರ್ಲಿಲ್ಲ." ಆಮೇಲೆ ಬಂದರಿನ ಗುಜರಿ ವ್ಯಾಪಾರಿ ಮೊಯ್ದೀನಬ್ಬರು, ಬಾಗಿಲು ಹಾಕಿದ ಒಂದು ಕಿವಿಯಂತ್ರದ ಅಂಗಡಿಯ ಸಾಮಾನಿನಲ್ಲಿ ಬಂದ ಪೆಟ್ಟಿಗೆಯನ್ನು ಶೆಟ್ಟರಿಗೆಂದೇ ತೆಗೆದಿಟ್ಟರು. ಇವತ್ತಿನ ಸಿಡಿ ಅದರಲ್ಲಿದ್ದದ್ದು.

ಏಳು ಗಂಟೆಗೆ ಟೀಚರ್ ಬರುತ್ತಾರೆ. ಈ ಸಲ ಮುಖದಲ್ಲಿ ಆಸೆ ತೋರಿಸುವುದಿಲ್ಲ. ಶ್ರವಣ ತಜ್ಞೆ ಸ್ಮೃತಿ, ಟೀಚರ ಕಿವಿಯಲ್ಲಿ ಯಂತ್ರವಿಟ್ಟು ವಯರ್ ಜೋಡಿಸುತ್ತಾರೆ. ಪರದೆಯಲ್ಲಿ ಯಂತ್ರದ ಹೆಸರು ಬರುತ್ತದೆ. "ಗುರುತು ಹಿಡೀತು ಶೆಟ್ರೇ" ಅನ್ನುತ್ತಾರೆ ಸ್ಮೃತಿ. ಹಳೆಯ ಕಿವಿ ಪರೀಕ್ಷೆಯ ಚೀಟಿ ನೋಡಿ ಅಳತೆಗಳನ್ನು ಕೂರಿಸಿ ಗುಂಡಿ ಒತ್ತುತ್ತಾರೆ. ಪರದೆಯ ಹಸಿರು ಗೆರೆ ನಿಧಾನಕ್ಕೆ ಮುಂದೆ ಹೋಗುತ್ತದೆ. ಈ ಹಂತದಲ್ಲಿ ಶೆಟ್ಟರು ಪರದೆ ನೋಡುವವರಲ್ಲ. ಎಷ್ಟೋ ಕೆಲಸ ಇಲ್ಲಿಯೇ ಕೈಕೊಟ್ಟದ್ದುಂಟು. ಟೀಚರ ಹಿಂದೆ ನಿಂತು, ಕಣ್ಣು ಮುಚ್ಚಿ, ಆಗಿನ ಹಾಗೆಯೇ ತುಟಿಯಡಿಯಲ್ಲಿ ಗೊಣಗುತ್ತಾರೆ.

ಗೆರೆ ತುದಿ ಮುಟ್ಟುತ್ತದೆ. ಸ್ಮೃತಿ ಏನನ್ನೂ ಕೇಳುವ ಮೊದಲೇ, ಎದುರಿನ ಗೋಡೆ ನೋಡುತ್ತಿದ್ದ ಟೀಚರ್ ಮಾತಾಡುತ್ತಾರೆ.

"ಅದು ಎದ್ದಾಯ್ತು ಶೆಟ್ರೇ. ಇನ್ನು ಅದನ್ನು ಕರೀಬೇಡಿ."

ಶೆಟ್ಟರು ಕಣ್ಣು ತೆರೆಯುತ್ತಾರೆ. ಸ್ಮೃತಿ ನಗುತ್ತಾ ಕಣ್ಣೊರೆಸಿಕೊಳ್ಳುತ್ತಾರೆ. ಟೀಚರ್ ಆಗಲೇ ಫೋನು ತೆಗೆದು, ಸಂಜೆ ಮಕ್ಕಳನ್ನು ಕಳಿಸಿ ಎಂದು ಪಕ್ಕದ ಮನೆಗೆ ಹೇಳುತ್ತಿದ್ದಾರೆ.

ಹೊರಗೆ ಬಂದ ಮೇಲೆ ಕೇಳುತ್ತೇನೆ, ಶೆಟ್ರೇ, ನಿಮಗೆ ಎಂತ ಆಗ್ಬೇಕು ಅಂತ ಉಂಟು? ಅವರು ಕಿಸೆಯ ವಯರ್ ಮುಟ್ಟಿ ನೋಡಿಕೊಳ್ಳುತ್ತಾರೆ. "ಎಂತ ಬೇಡ. ಆ ಕಂಪ್ಯೂಟರಿಗೆ ಯಾರೂ ನೆಟ್ ಕೊಡದಿದ್ರೆ ಸಾಕು." ಸ್ಕೂಟರಿನ ಸ್ಟ್ಯಾಂಡ್ ತೆಗೆದವರು, ಹತ್ತಿ ಕೂತು ಮತ್ತೆ ಈಚೆ ತಿರುಗುತ್ತಾರೆ.

"ನಾನು ಹೇಳಿದ್ದು ನನ್ನ ಹೆಂಡ್ತಿಗೇ ಕೇಳುವುದಿಲ್ಲ. ಟೀಚರಿಗೆ ಕೇಳಿತು, ನೋಡಿ."