ಅಂಚೆ ಕಚೇರಿಯ ಗೋಡೆಯಲ್ಲಿದ್ದ ಬೆನ್ನು

ನಮ್ಮ ಕಟ್ಟಡದ ಕೆಳಗಿರುವ ಬಕಾಲದವನು ತನ್ನ ದಿನಸಿ ಅಂಗಡಿಗೆ ಹೊಸ ಕೌಂಟರ್ ಮಾಡಿಸುತ್ತಿದ್ದಾನೆ. ಬೆಳಿಗ್ಗೆ ಹಾಲು ತರಲು ಇಳಿದರೆ ಮೆಟ್ಟಿಲಲ್ಲೇ ಗಮ್ಮಿನ ವಾಸನೆ. ಹಲಗೆಗೆ ಹೊಳೆಯುವ ಹಾಳೆ ಅಂಟಿಸುವ, ಹಳದಿ ಬಣ್ಣದ, ಲೋಳೆಯಂಥ ಗಮ್. ಉಳಿದವರಿಗೆ ಅದು ಹೊಸ ಸಾಮಾನಿನ ವಾಸನೆ. ನಾನು ಕೈಯಿಂದ ಮೂಗು ಮುಚ್ಚಿಕೊಂಡೆ. ಹಾಲು ತಾರದೆ ಮೇಲೆ ಬಂದೆ. ಕರಿ ಚಹಾ ಮಾಡಿ ಕುಡಿದೆ. ಅದೂ ಒಳಗೆ ನಿಲ್ಲಲಿಲ್ಲ.

ಚಿತ್ರವಿದ್ದ ಆ ಗೋಡೆಯನ್ನು ನಾನು ಕೊನೆಯ ಸಲ ನೋಡಿದ ದಿನ ವಿಶೇಷವೇನೂ ಇರಲಿಲ್ಲ. ಅಂಚೆ ಕಚೇರಿಯಲ್ಲಿ ಏಸಿ ಕೆಟ್ಟಿತ್ತು. ಕೌಂಟರಿನ ಹಿಂದೆ ಈಜಿಪ್ಟಿನ ಗುಮಾಸ್ತ ರಟ್ಟಿನ ತುಂಡಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ. ನಾನು ಸ್ಟ್ಯಾಂಪ್ ಕೊಂಡೆ. ಕಾಗದ ಬರೆಯಲು ನನಗೆ ಯಾರೂ ಇಲ್ಲ. ಒಳಗೆ ಹೋಗಿ ನಿಲ್ಲಲು ಒಂದು ಕಾರಣ ಬೇಕಿತ್ತು, ಅಷ್ಟೆ. ಹಾಗೆ ಕೊಂಡ ಸ್ಟ್ಯಾಂಪುಗಳು ಹಾಲಿನ ಪುಡಿಯ ಡಬ್ಬಿಯಲ್ಲಿ ಇನ್ನೂ ಇವೆ. ಅಂದು ಬಸ್ಸು ಬರುವ ಹೊತ್ತಾಗಿತ್ತು. ಗೋಡೆಯ ಕಡೆ ಒಮ್ಮೆ ತಿರುಗಿ, ಮನೆಯಲ್ಲಿ ಇದ್ದವರಿಗೆ ಹೇಳುವ ಹಾಗೆ "ಬರ್ತೇನೆ" ಎಂದು ಮನಸ್ಸಿನಲ್ಲೇ ಹೇಳಿ ಹೊರಟೆ. ಇನ್ನೂ ಸ್ವಲ್ಪ ಹೊತ್ತು ನಿಲ್ಲಬಹುದಿತ್ತು...

ಆ ಗೋಡೆಗೆ ಚಿತ್ರ ಬರೆದವರನ್ನು ನಾವು ಪೇಂಟರಣ್ಣ ಎಂದು ಕರೆಯುತ್ತಿದ್ದೆವು. ಅರಬ್ ನಾಡಿನಲ್ಲಿ, ಫರ್ವಾನಿಯಾದ ಈ ಫ್ಲಾಟಿನಲ್ಲಿ ಆಗ ಒಂದು ಕೋಣೆ ನನ್ನದು ಮತ್ತು ನಮ್ಮವರದು, ಇನ್ನೊಂದು ಕೋಣೆ ಅವರದು. ಅಡುಗೆಮನೆ, ಬಚ್ಚಲು ಎರಡೂ ಸೇರಿ. ಅವರ ಊರು ಕಾಪುವಿನ ಕಡೆ. ಅಲ್ಲಿ ಬಸ್ಸಿನ ಹಣೆಗೆ, ದೋಣಿಗಳಿಗೆ ಹೆಸರು ಬರೆದು, ಶಾಲೆಯ ಗೋಡೆಗೆ ನವಿಲು ಬರೆದು ಬದುಕಿದ್ದವರು. ಇಲ್ಲಿಗೆ ಅಂಗಡಿ ಬೋರ್ಡ್ ಬರೆಯುವ ಕೆಲಸಕ್ಕೆಂದು ಬಂದರು. ಕೆಲವೇ ವರ್ಷದಲ್ಲಿ ಬೋರ್ಡುಗಳೆಲ್ಲ ಮಿಷನ್ನಿನಲ್ಲಿ ಪ್ರಿಂಟ್ ಆಗತೊಡಗಿದವು. ಆಮೇಲೆ ಅರ್ದಿಯಾದ ಒಂದು ಡೆಕೊರೇಷನ್ ಕಂಪನಿಯಲ್ಲಿ ಬಾಗಿಲಿಗೆ, ಗ್ರಿಲ್ಲಿಗೆ, ಪಾರ್ಕಿಂಗಿನ ಗೆರೆಗಳಿಗೆ ಬಣ್ಣ ಹೊಡೆಯುವ ಕೆಲಸ. ನಮ್ಮವರಿಗೂ ಅದೇ ಕಂಪನಿಯ ಗೋಡೌನಿನಲ್ಲಿ ಸಾಮಾನು ಎತ್ತಿ ಇಳಿಸುವ ಕೆಲಸವಿತ್ತು. ನಾನು ಆಗಲೂ ಈಗಲೂ ಸಲ್ವಾದ ಒಂದು ನರ್ಸರಿ ಶಾಲೆಯಲ್ಲಿ ಆಯಾ.

ಪೇಂಟರಣ್ಣ ಬಚ್ಚಲಿನಲ್ಲಿ ಬ್ರಷ್ ತೊಳೆಯುತ್ತಿದ್ದರು. ಫ್ಲಾಟಿಡೀ ಟರ್ಪೆಂಟೈನ್ ವಾಸನೆ. ನಾನು ಗೊಣಗಿದರೆ, "ನೀನು ಬಂಗುಡೆ ಹುರಿಯುವಾಗ ನಾನು ಎಂತಾದ್ರೂ ಹೇಳ್ತೇನಾ ತಂಗಿ?" ಎನ್ನುತ್ತಿದ್ದರು. ಹೇಳುವುದೆಲ್ಲಿಂದ, ಹುರಿದ ಬಂಗುಡೆಯಲ್ಲಿ ಅರ್ಧ ಅವರ ತಟ್ಟೆಗೇ ಹೋಗುತ್ತಿತ್ತಲ್ಲ.

ಕೊರೊನಾಕ್ಕೆ ಮೊದಲು, ಸರ್ಕಾರದ ಹಣದಲ್ಲಿ ಅಂಚೆ ಕಚೇರಿಯ ಗೋಡೆಗೆ ಹಳೆಯ ಕಾಲದ ಚಿತ್ರ ಬರೆಸುವ ಕೆಲಸ ಅವರ ಕಂಪನಿಗೆ ಸಿಕ್ಕಿತು. ಯಾರೋ ದೊಡ್ಡವರು ಕಾಗದದ ಮೇಲೆ ಒಂದು ಸ್ಕೆಚ್ ಹಾಕಿ ಕೊಟ್ಟಿದ್ದರು. ದಡದಲ್ಲಿ ಒಂದು ಮರದ ಹಡಗು, ಅದನ್ನು ನೀರಿಗೆ ಇಳಿಸಲು ಹಗ್ಗ ಹಿಡಿದು ಎಳೆಯುವ ಜನರ ಸಾಲು. ಅದನ್ನು ಗೋಡೆಯಷ್ಟು ದೊಡ್ಡದಾಗಿ ಬರೆಯುವುದು ಪೇಂಟರಣ್ಣನ ಕೆಲಸ. ಸ್ಕೆಚ್ಚಿನಲ್ಲಿ ಜನರಿಗೆ ಮುಖವೇ ಇರಲಿಲ್ಲ. ಮೊಟ್ಟೆಯ ಹಾಗೆ ಖಾಲಿ ಬಿಟ್ಟಿದ್ದರು. "ಮೊಟ್ಟೆಗಳು ಹಗ್ಗ ಎಳೀತವಾ?" ಎಂದು ಪೇಂಟರಣ್ಣ ಆ ಕಾಗದವನ್ನು ನನಗೆ ತೋರಿಸಿ ನಕ್ಕಿದ್ದರು.

ಕಚೇರಿ ಮುಚ್ಚಿದ ಮೇಲೆ ಮತ್ತು ರಜೆಯ ದಿನ ಕೆಲಸ. ಅಟ್ಟಣಿಗೆ ಹಿಡಿಯಲು ನಮ್ಮವರು ಹೋಗುತ್ತಿದ್ದರು. ಶುಕ್ರವಾರ ನಾನು ಊಟ ಕಟ್ಟಿಕೊಂಡು ಹೋಗಿ ಅಲ್ಲೇ ಕೂರುತ್ತಿದ್ದೆ. ಪೇಂಟರಣ್ಣ ಸುತ್ತ ಇದ್ದವರನ್ನೇ ಹಡಗಿಗೆ ಹತ್ತಿಸಿದ್ದರು. ನೆಲ ಒರೆಸುವ ಬಾಂಗ್ಲಾದ ಭಾಯಿ ಹಗ್ಗದ ತಲೆಯಲ್ಲಿದ್ದ. ಬಾಗಿಲಲ್ಲಿ ಕೂರುವ ಕಾವಲುಗಾರ ಅವನ ಹಿಂದೆ. ಕೌಂಟರಿನ ಗುಮಾಸ್ತನೇ ಹಡಗಿನ ಯಜಮಾನ. ಆ ದೊಡ್ಡ ಮೂಗು ಬೇರೆ ಯಾರದೂ ಆಗಲು ಸಾಧ್ಯವಿರಲಿಲ್ಲ. ತನ್ನ ಮೂಗು ಗೋಡೆಗೆ ಬಂದ ಮೇಲೆ ಅವನು ಸಂಜೆ ಹೊತ್ತು ಪೇಂಟರಣ್ಣನಿಗೆ ಚಹಾ ತರಿಸತೊಡಗಿದ. ಸಾಲಿನ ಕೊನೆಯಲ್ಲಿ, ಹಗ್ಗದ ತುದಿ ಹಿಡಿದವರು ನಮ್ಮವರು.

"ಗಟ್ಟಿ ಹಿಡಿ ಮಾರಾಯ. ಹಡಗು ಎಳೆಯುದು ನೀನು. ಒದ್ದೆ ಲುಂಗಿ ಹಿಂಡುವವನ ಹಾಗೆ ನಿಂತಿದ್ದಿ."

"ಹೊಟ್ಟೆ ಸ್ವಲ್ಪ ಕಮ್ಮಿ ಬರೀರಿ ಅಣ್ಣ."

"ಸರ್ಕಾರ ದುಡ್ಡು ಕೊಟ್ಟದ್ದು ಹಡಗಿಗೆ. ನಿನ್ನ ಹೊಟ್ಟೆ ಕರಗಿಸ್ಲಿಕ್ಕೆ ಅಲ್ಲ."

ಮುಕ್ಕಾಲು ಮುಗಿದಾಗ ನೋಡಲು ಜನ ಬಂದರು. ಅದು ಶನಿವಾರ, ನನಗೆ ರಜೆ. ಬಂದವರಲ್ಲಿ ಒಬ್ಬರು ವಯಸ್ಸಾದ ಅಧಿಕಾರಿ. ಕೈ ಹಿಂದೆ ಕಟ್ಟಿ ಗೋಡೆಯ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ನಡೆದರು. ಒಮ್ಮೆ ಹಡಗಿನ ಯಜಮಾನನನ್ನು, ಒಮ್ಮೆ ಬಾಗಿಲು ತೆಗೆಯಲು ಬಂದಿದ್ದ ಗುಮಾಸ್ತನನ್ನು ನೋಡಿ ಜೋರಾಗಿ ನಕ್ಕರು. "ಕುವೈಸ್" ಎಂದರು. ಚೆನ್ನಾಗಿದೆ ಎಂದು. ಅಷ್ಟು ಹೇಳಿ ಹೋದರು.

ಹೋಗದೆ ಉಳಿದದ್ದು ಕಂಪನಿಯ ಸೂಪರ್‌ವೈಸರ್. ನಮ್ಮದೇ ಕಡೆಯ ಮನುಷ್ಯ, ಮಂಗಳೂರಿನವ. ನಾನು ತಂದಿದ್ದ ಬುತ್ತಿ ಬಿಚ್ಚಿ, ಕೇಳದೆಯೇ ಹುರಿದ ಮೀನು ತೆಗೆದು ತಿನ್ನುತ್ತಾ ಗೋಡೆ ನೋಡಿದ. ಕಿರುಬೆರಳಿನ ಉಗುರಿನಿಂದ ಹಲ್ಲಿನ ಸಂದಿಯ ಮುಳ್ಳು ತೆಗೆದ.

"ಎಂತ ಪೇಂಟರೇ ಇದು? ಹಡಗಿಡೀ ನಮ್ಮ ರೂಮಿನವರೇ ಉಂಟಲ್ಲ!"

"ಅವರು ಕುವೈಸ್ ಹೇಳಿ ಹೋದ್ರಲ್ಲ ಸಾರ್."

"ಇವತ್ತು ಕುವೈಸ್. ನಾಳೆ ಯಾರಾದ್ರೂ ಈ ಹಿಂದಿಗಳು ಯಾರು ಅಂತ ಕೇಳಿದ್ರೆ? ಕತ್ತು ಹೋಗುದು ನನ್ನದು. ಮುಖ ಎಲ್ಲ ತೆಗೀರಿ. ಯಲ್ಲಾ, ಬೇಗ."

ಇಲ್ಲಿ ಇಂಡಿಯಾದವರನ್ನೆಲ್ಲ ಹಿಂದಿ ಎನ್ನುತ್ತಾರೆ. ಈ ನೆಲದವರು ಹೇಳಿದಾಗ ಆ ಮಾತು ನನಗೆ ಎಂದೂ ಚುಚ್ಚಿದ್ದಿಲ್ಲ. ಅಂದು ಅವನ ಬಾಯಲ್ಲಿ ಕೇಳಿ ಅಸಹ್ಯವಾಯಿತು. ಯಾರೂ ಕೇಳದೆ, ಯಾರೂ ಬೇಡ ಎನ್ನದೆ, ತಾನೇ ಹೆದರಿ, ಆ ಹೆದರಿಕೆಯನ್ನು ಇನ್ನೊಬ್ಬರ ಕೆಲಸಕ್ಕೆ ಬಳಿದ. ಬಳಿದು, ಎಣ್ಣೆ ಕೈಯನ್ನು ಪೇಂಟರಣ್ಣನ ಬಟ್ಟೆಯ ತುಂಡಿಗೆ ಒರೆಸಿ ಎದ್ದ. ಬ್ರಷ್ ಒರೆಸಲೆಂದು ನಾನೇ ನಮ್ಮವರ ಹಳೆಯ ಬನಿಯನ್ ಹರಿದು ಕೊಟ್ಟಿದ್ದ ತುಂಡು ಅದು.

ಪೇಂಟರಣ್ಣ ಬಣ್ಣದ ಡಬ್ಬಿಯ ಮೇಲೆ ಕುಳಿತು ಉಳಿದ ಅನ್ನ ಉಂಡರು. ಮುಂದಿನ ಶುಕ್ರವಾರ ನಾನು ಹೋಗುವಷ್ಟರಲ್ಲಿ ಮುಖಗಳ ಮೇಲೆಲ್ಲ ಬಿಳಿ ಬಳಿದಾಗಿತ್ತು. ಗೋಡೆಯ ತುಂಬ ಮತ್ತೆ ಮೊಟ್ಟೆಗಳು. ನನಗೆ ನೋಡಲಾಗಲಿಲ್ಲ, ಹೊರಗೆ ಬಿಸಿಲಿನಲ್ಲಿ ಹೋಗಿ ನಿಂತೆ.

ಅದರ ಮುಂದಿನ ವಾರ ನೋಡಿದರೆ ಸಾಲಿನಲ್ಲಿದ್ದವರೆಲ್ಲ ಹಡಗಿನ ಕಡೆ ತಿರುಗಿ ನಿಂತಿದ್ದರು. ಬರೀ ಬೆನ್ನುಗಳು. ದೊಡ್ಡ ಮೂಗಿನ ಯಜಮಾನನನ್ನು ಪೂರ್ತಿ ಅಳಿಸಿಯಾಗಿತ್ತು. ಬಾಗಿಲಲ್ಲೇ ನನ್ನನ್ನು ತಡೆದು ಪೇಂಟರಣ್ಣ ಕೇಳಿದರು, "ತಂಗಿ, ಆ ಕೊನೆಯವ ಯಾರು ಹೇಳು?"

ಕೇಳಬೇಕಾಗಿಯೇ ಇರಲಿಲ್ಲ. ಭಾರ ಎತ್ತಿ ಎತ್ತಿ ಕೆಳಗಿಳಿದ ಬಲ ಭುಜ, ಅದರಿಂದ ಜಾರಿದ ಬನಿಯನ್ನಿನ ಪಟ್ಟಿ, ನೆತ್ತಿಯ ಮೇಲಿನ ಎರಡು ಸುಳಿ. ಎಡಗಾಲಿಗೆ ಭಾರ ಬಿಟ್ಟು ನಿಲ್ಲುವ ಆ ಓರೆ ನಿಲುವು. ಬೆಳಿಗ್ಗೆ ಕೆಲಸಕ್ಕೆ ಹೊರಟವರನ್ನು ನಾನು ದಿನಾ ಬಾಗಿಲಿನಿಂದ ನೋಡುತ್ತಿದ್ದದ್ದು ಹೀಗೇ. ನಾನು ಬಾಯಿಗೆ ಕೈ ಹಿಡಿದು ನಗುತ್ತಿದ್ದೆ. ನಮ್ಮವರು ಮಾತ್ರ ತಮ್ಮ ಬೆನ್ನನ್ನು ತಾವೇ ನಂಬದೆ ನೋಡುತ್ತಿದ್ದರು. "ನನ್ನ ಭುಜ ಇಷ್ಟು ಓರೆಯಾ? ಇಷ್ಟು ವರ್ಷದಲ್ಲಿ ಇವಳು ಒಂದು ಸಲ ಹೇಳ್ಲಿಲ್ಲ ಅಣ್ಣ."

"ಮುಖ ತೆಗಿ ಅಂದ," ಎಂದರು ಪೇಂಟರಣ್ಣ. "ಬೆನ್ನಿನ ಬಗ್ಗೆ ಎಂತ ಹೇಳ್ಲಿಲ್ಲ."

ಸೂಪರ್‌ವೈಸರ್ ಅದಕ್ಕೆ ತಕರಾರು ಮಾಡಲಿಲ್ಲ. ಅವನಿಗೆ ಬೆನ್ನುಗಳ ಗುರುತು ಎಲ್ಲಿಂದ ಸಿಗಬೇಕು... ಉದ್ಘಾಟನೆಯ ದಿನ ಸ್ಕೆಚ್ ಹಾಕಿದವರ ಹೆಸರು, ಕಂಪನಿಯ ಹೆಸರು ಹಿತ್ತಾಳೆಯ ತಗಡಿನಲ್ಲಿ ಬಂತು. ಪೇಂಟರಣ್ಣನನ್ನು ಅಂದು ಅರ್ದಿಯಾದಲ್ಲಿ ಬಾಗಿಲುಗಳಿಗೆ ಬಣ್ಣ ಹೊಡೆಯಲು ಕಳುಹಿಸಿದ್ದರು.

ಕೊರೊನಾ ಮುಗಿದ ಮೇಲಿನ ಒಂದು ಬೇಸಿಗೆಯಲ್ಲಿ ನಮ್ಮವರು ಗೋಡೌನಿನಲ್ಲಿ ಹಲಗೆಯ ಕಟ್ಟಿನ ಮೇಲೆ ಸ್ವಲ್ಪ ಕೂರುತ್ತೇನೆಂದು ಕುಳಿತವರು ಏಳಲಿಲ್ಲ. ಆಸ್ಪತ್ರೆ, ಎಂಬೆಸಿ, ವಿಮಾನ, ಎಲ್ಲ ಕಡೆಗೂ ಓಡಿದವರು ಪೇಂಟರಣ್ಣ. ಊರಲ್ಲಿ ಕಾರ್ಯ ಮುಗಿಸಿ ನಾನು ಒಬ್ಬಳೇ ವಾಪಸು ಬಂದೆ. ಕೆಲಸ ಬಿಡುವ ಹಾಗಿರಲಿಲ್ಲ. ಬಂದ ವಾರ ಪೇಂಟರಣ್ಣ ನನ್ನ ಕೋಣೆಯ ಬಾಗಿಲ ಹೊರಗೆ ನಿಂತು ನೆಲ ನೋಡುತ್ತಾ ಹೇಳಿದರು, "ಒಂದು ಸಲ ಪೋಸ್ಟ್ ಆಫೀಸಿಗೆ ಹೋಗಿ ಬಾ ತಂಗಿ."

ಹೋದೆ. ಆಮೇಲೆ ಹೋಗುತ್ತಲೇ ಇದ್ದೆ. ಎರಡು ಬಸ್ ಬದಲಿಸಿ ಹೋಗಿ, ಸ್ಟ್ಯಾಂಪ್ ಕೊಂಡು, ಹಗ್ಗದ ತುದಿಯ ಹತ್ತಿರದ ಕುರ್ಚಿಯಲ್ಲಿ ಕೂತು ಬರುತ್ತಿದ್ದೆ. ಗುಮಾಸ್ತ ನನ್ನನ್ನು ಕಂಡ ಕೂಡಲೇ ಸ್ಟ್ಯಾಂಪ್ ಹರಿದಿಡುತ್ತಿದ್ದ. ಫೋಟೋ ತೆಗೆಯಬಾರದೆಂದು ಗೋಡೆಯಲ್ಲಿ ಬೋರ್ಡಿತ್ತು. ನಾನೂ ತೆಗೆಯಲಿಲ್ಲ. ಗೋಡೆ ಎಲ್ಲಿಗೆ ಹೋಗುತ್ತದೆ ಎಂದುಕೊಂಡಿದ್ದೆ.

ಪೇಂಟರಣ್ಣನಿಗೆ ಉಬ್ಬಸ ಹತ್ತಿತು. ಇಲ್ಲಿ ಇರಲು ಬೇಕಾದ ಇಕಾಮಾ ಪರವಾನಗಿಯನ್ನು ಕಂಪನಿ ಹೊಸದು ಮಾಡಲಿಲ್ಲ. "ಖಲಾಸ್ ತಂಗಿ, ಇಲ್ಲಿಯ ಬಣ್ಣ ಮುಗೀತು" ಎಂದು ಊರಿಗೆ ಹೋದರು. ಕಳೆದ ವರ್ಷ ಅಲ್ಲೇ ತೀರಿಕೊಂಡರು. ಸುದ್ದಿ ಬಂದ ದಿನ ನನಗೆ ಬೇರೆ ಎಲ್ಲಿಗೆ ಹೋಗಬೇಕೆಂದು ತೋಚಲಿಲ್ಲ. ಅವರು ಬರೆದದ್ದರ ಹತ್ತಿರ ಹೋಗಿ ಕೂರುವ ಎಂದು ಶಾಲೆ ಬಿಟ್ಟವಳೇ ಬಸ್ ಹತ್ತಿದೆ.

ಅಂಚೆ ಕಚೇರಿಯ ಬಾಗಿಲು ತೆಗೆದ ಕೂಡಲೇ ಗಮ್ಮಿನ ವಾಸನೆ ಮುಖಕ್ಕೆ ಹೊಡೆಯಿತು. ಹಡಗು ಇದ್ದಲ್ಲಿ ಬಿಳಿ ಪ್ಯಾನಲ್ಲುಗಳು, ಆಸ್ಪತ್ರೆಯ ಬಚ್ಚಲಿನ ಹಾಗೆ ಹೊಳೆಯುತ್ತಿದ್ದವು. ಸಂದಿಗಳಲ್ಲಿ ಹಳದಿ ಗಮ್ ಹೊರಗೆ ಒಸರಿ, ಮೂಗಿನ ಸಿಂಬಳದ ಹಾಗೆ ಒಣಗಿತ್ತು. ಗುಮಾಸ್ತ ನನ್ನನ್ನು ನೋಡಿ ಎದ್ದು ನಿಂತ. ಎರಡೂ ಕೈ ಬಿಡಿಸಿ ತೋರಿಸಿದ. ಅವನೂ ಏನು ಮಾಡಿಯಾನು... ನಾನು ಹೊರಗೆ ಓಡಿ ಬಂದು ರಸ್ತೆ ಬದಿಯಲ್ಲಿ ವಾಂತಿ ಮಾಡಿಕೊಂಡೆ.

ಆ ತಿಂಗಳ ಕೊನೆಗೆ ನಮ್ಮ ಕಡೆಯವರೆಲ್ಲ ಸೇರಿ ಒಂದು ಹಾಲ್‌ನಲ್ಲಿ ಪೇಂಟರಣ್ಣನಿಗೆ ಶ್ರದ್ಧಾಂಜಲಿ ಸಭೆ ಇಟ್ಟರು. ಪಾಸ್‌ಪೋರ್ಟ್ ಫೋಟೋವನ್ನು ದೊಡ್ಡದು ಮಾಡಿದ ಫ್ಲೆಕ್ಸ್, ಸುತ್ತ ಪ್ರಿಂಟ್ ಮಾಡಿದ ಗುಲಾಬಿ. ಹಿಂದೆ ಬಿರಿಯಾನಿಯ ಪೊಟ್ಟಣಗಳು. ಮಾತಾಡಲು ನಿಂತದ್ದು ಅದೇ ಸೂಪರ್‌ವೈಸರ್. ಈಗ ಅವನು ಕಂಪನಿಯಲ್ಲಿ ಮ್ಯಾನೇಜರ್. "ನಮ್ಮ ಮಣ್ಣಿನ ಹೆಮ್ಮೆಯ ಕಲಾವಿದ" ಎಂದ. "ಅವರ ಪ್ರತಿಭೆಯನ್ನು ಮೊದಲು ಗುರುತಿಸಿದವ ನಾನು" ಎಂದ. ಜನ ಚಪ್ಪಾಳೆ ತಟ್ಟಿದರು. ಸತ್ತವರ ಸಭೆಯಲ್ಲಿ ಚಪ್ಪಾಳೆ. ಪೇಂಟರಣ್ಣ ಇದ್ದಿದ್ದರೆ ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದರು.

ಸಭೆ ಮುಗಿದ ಮೇಲೆ ಅವನ ಹತ್ತಿರ ಹೋಗಿ ಕೇಳಿದೆ. "ಪೋಸ್ಟ್ ಆಫೀಸಿನ ಚಿತ್ರ ಯಾರು ತೆಗೆದದ್ದು ಸಾರ್?"

"ತೆಗೀಲಿಲ್ಲಕ್ಕ, ಒಳಗೇ ಉಂಟು. ರಿನೋವೇಷನ್ ಕಾಂಟ್ರಾಕ್ಟ್ ನಮಗೇ ಸಿಕ್ಕಿದ್ದು. ಮೇಲಿಂದ ಪ್ಯಾನಲ್ ಹೊಡೆದದ್ದು ಅಷ್ಟೆ." ಬಾಯಲ್ಲಿ ಬಿರಿಯಾನಿ ಇತ್ತು.

"ಪ್ಯಾನಲ್ ತೆಗೆದರೆ ಸಿಗ್ತದಾ?"

"ಎಲ್ಲಿಂದ! ಫುಲ್ ಗಮ್ ಹಾಕಿದ್ದೇವೆ. ಎಳೆದ್ರೆ ಪೇಂಟೂ ಒಟ್ಟಿಗೆ ಕಿತ್ಕೊಂಡು ಬರ್ತದೆ." ಒಳ್ಳೆಯ ಕೆಲಸ ಮಾಡಿದವನ ಹಾಗೆ ಹೇಳಿದ. ಆಮೇಲೆ ನನ್ನ ಮುಖ ನೋಡಿ, "ಫೋಟೋ ಬೇಕಾ? ನನ್ನ ಹತ್ರ ಉಂಟು. ಇನಾಗರೇಷನ್ ದಿನದ್ದು. ನಿಮಗೆ ಕಳಿಸ್ತೇನೆ" ಎಂದು ಕೈ ಒರೆಸಿ ಮೊಬೈಲ್ ತೆಗೆದ.

ಆ ಒಂದು ನಿಮಿಷ ನಾನು ಅವನನ್ನು ಕ್ಷಮಿಸಲೂ ತಯಾರಿದ್ದೆ. ಮೀನು, ಮುಖಗಳು, ಗಮ್, ಚಪ್ಪಾಳೆ, ಎಲ್ಲವನ್ನೂ.

ಫೋಟೋ ಬಂತು. ಹಡಗು ಇದೆ, ದೊಡ್ಡ ಮೂಗಿನ ಯಜಮಾನನಿಲ್ಲ, ಬೆನ್ನುಗಳ ಸಾಲು ಇದೆ. ಮುಂದೆ ಅಧಿಕಾರಿಗಳು ಸಾಲಾಗಿ ನಿಂತಿದ್ದಾರೆ. ಸಾಲಿನ ಕೊನೆಯಲ್ಲಿ ಕೋಟು ಹಾಕಿ, ಹೊಟ್ಟೆ ಮುಂದೆ ಮಾಡಿ, ಹಲ್ಲು ಬಿಟ್ಟು ನಿಂತವನು ಅವನು. ಹಗ್ಗದ ತುದಿ ಇದ್ದದ್ದು ಸರಿಯಾಗಿ ಅವನ ಹಿಂದೆ.

ಇವತ್ತು ಬೆಳಿಗ್ಗೆ ಆ ಫೋಟೋವನ್ನು ಮತ್ತೆ ತೆರೆದು ಬೆರಳಿನಿಂದ ದೊಡ್ಡದು ಮಾಡಿ ನೋಡಿದೆ. ಅವನ ಕೋಟಿನ ಗುಂಡಿ ಕಾಣುತ್ತದೆ. ಮೊಣಕೈಯ ಪಕ್ಕದಲ್ಲಿ ಹಗ್ಗ ಒಂದಿಷ್ಟು ಕಾಣುತ್ತದೆ. ಅಳಿಸಿಬಿಡಲು ಎಷ್ಟೋ ಸಲ ನೋಡಿದ್ದೇನೆ, ಆ ಹಗ್ಗಕ್ಕಾಗಿ ಆಗುವುದಿಲ್ಲ. ಕೆಳಗಿನಿಂದ ಗಮ್ಮಿನ ವಾಸನೆ ಕಿಟಕಿ ಮುಚ್ಚಿದರೂ ಬರುತ್ತಿದೆ.

ನಮ್ಮವರ ಮುಖದ ಫೋಟೋಗಳು ಮನೆಯಲ್ಲಿವೆ. ಮದುವೆಯದು, ಪಾಸ್‌ಪೋರ್ಟಿನದು, ಇಕಾಮಾದ್ದು. ಬೆನ್ನನ್ನು ನೆನಪಿನಿಂದಲೇ ಮತ್ತೆ ಬರೆದು ಕೊಡಬಲ್ಲವರು ಒಬ್ಬರಿದ್ದರು, ಅವರೂ ಇಲ್ಲ. ಬೆಳಿಗ್ಗೆ ಬಾಗಿಲಿನಿಂದ ಕಾಣುತ್ತಿದ್ದ ಆ ಬೆನ್ನಿನ ಚಿತ್ರ ನನ್ನ ಹತ್ತಿರ ಒಂದೂ ಇಲ್ಲ.